ಬೂದಿರಾಜನನ್ನು ಕೊಂದ ದೇವರು

ತಮ್ಮಾ,

ಮೇಜಿನ ಮೇಲೆ ಆಟದ ನಕ್ಷೆ, ಎಂಜಲು ಲೋಟ ಎಲ್ಲ ನಿನ್ನೆ ಬಿಟ್ಟಂತೆಯೇ ಬಿದ್ದಿವೆ. ನಾನು ಮುಟ್ಟಿಲ್ಲ. ನೋಡಿದರೆ ಹೇಸಿಗೆಯಾಗುತ್ತೆ. ನೀನೇ ತೊಳೆ.

ಏಳು ವರ್ಷ, ಪ್ರತಿ ಭಾನುವಾರ, ನೀನು ಕಥೆ ಹೇಳಿದೆ, ನಾವು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿದೆವು. ನಮ್ಮ ವೀರರು ಆಟದ ತುತ್ತತುದಿಯ ಇಪ್ಪತ್ತನೇ ಮಟ್ಟಕ್ಕೆ ಏರಿದರು. ಕೊನೆಯ ಶತ್ರು ಬೂದಿರಾಜನ ಎದುರು ನಿಂತಾಗ ನೀನು ಮಾಡಿದ್ದೇನು? ಆಕಾಶದಿಂದ ಯಾವುದೋ ದೇವರನ್ನು ಇಳಿಸಿ ಅವನನ್ನು ಕೊಲ್ಲಿಸಿಬಿಟ್ಟೆ! ಬೀಗ ರಿಪೇರಿ ಮಾವ "ನನ್ನ ಅಂಬಿಗ ಏನ್ ಮಾಡ್ಲಪ್ಪಾ?" ಅಂತ ಕೇಳಿದರೆ, "ಸುಮ್ನೆ ನೋಡ್ತಾ ನಿಂತಿರಿ ಮಾವ" ಅಂದೆ. ನಾಚಿಕೆಯಾಗಲಿಲ್ಲವಾ? ಪಾಪ, ಕನ್ನಡಕ ಒರೆಸಿಕೊಂಡು ಎದ್ದು ಹೋದರು.

ಅಷ್ಟು ಬಲ ಬಂದವರಿಗೆ ಕೊಲ್ಲುವುದೇನು ಮಹಾ? ಅವನನ್ನು ಕೊಲ್ಲೋಕೆ ನೀವು ಏನನ್ನು ಬಿಟ್ಟುಕೊಡ್ತೀರಿ ಅಂತ ಒಬ್ಬೊಬ್ಬರನ್ನೂ ಕೇಳಬೇಕಿತ್ತು. ಕೇಳಿ, ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು.

ಹಾಲು ಕಾಯಿಸಿಡು. ಸಂಜೆ ಮಾವನ ಅಂಗಡಿಗೆ ಹೋಗಿ ತಪ್ಪಾಯ್ತು ಅನ್ನು. ಬರುವ ಭಾನುವಾರ ಕೊನೆಯ ಕಾಳಗ ಮತ್ತೆ ಮೊದಲಿನಿಂದ. ದೇವರು ಗೀವರು ಬಂದರೆ ನಿನ್ನ ನಕ್ಷೆ ಒಲೆಗೆ.

ನಮ್ಮ ವೀರರಲ್ಲಿ ಒಬ್ಬರೂ ಸಾಯಬಾರದು ಅಂತಲೇ ಹಾಗೆ ಮಾಡಿದೆ, ಗೊತ್ತು ಕಣೋ. ಆದರೆ ನನ್ನ ಬಿಲ್ಲುಗಾರ್ತಿ ಸಾಯೋಕೆ ಅಂತಲೇ ಬಂದಿದ್ದಳು. ಮೂರು ವಾರದಿಂದ ಹೊಲಿಗೆ ಯಂತ್ರದ ಮುಂದೆ ಕೂತು ಅವಳ ಕೊನೆಯ ಮಾತನ್ನು ಬಾಯಿಪಾಠ ಮಾಡಿದ್ದೀನಿ. ಅದನ್ನು ಹೇಳೋಕೆ ಬಿಡು.

ಅಕ್ಕ