ಮಾರಿಷಸ್ಸಿನ ಸೂರ್ಯೋದಯ

ನುಂಗಂಬಾಕ್ಕಂ, ಚೆನ್ನೈ
೨೨ ಜುಲೈ ೨೦೦೧

ತೀರ್ಥರೂಪ ಅಪ್ಪನಿಗೆ ಹರಿಪ್ರಿಯಾ ಮಾಡುವ ನಮಸ್ಕಾರ.

ಮಂತ್ರಾಲಯದಿಂದ ನಿಮ್ಮ ಸಿಟ್ಟಿನ ಕಾರ್ಡು ತಲುಪಿತು. ನಿಮ್ಮ ಏಕಾದಶಿ ಲೆಕ್ಕವನ್ನು ಪ್ರೋಗ್ರಾಂ ಮಾಡಿ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಲೆಂದು ನಾನು ಇಟ್ಟಿದ್ದ ಬೇರೆಯವರ ವೆಬ್‌ಸೈಟನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿದ್ದು ನಿಜ. "ಎಗ್ಮೋರ್ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಕೂತು ಬರೆದ ಲೆಕ್ಕ ಯಾರದೋ ಪಾಲಾಯಿತು, ಇವತ್ತೇ ತೆಗೆ" ಎಂದಿದ್ದೀರಿ. ಕೌಶಿಕನೂ "ಅಕ್ಕಾ, ನಾಳೆ ಅವ್ರು ಬೀಗ ಹಾಕಿದ್ರೆ ಕಥೆ ಮುಗೀತು ಪಾ!" ಎಂದು ಹೆದರಿಸಿದ. ತಮ್ಮನ ಮಾತು ನನಗೂ ನಿಜ ಅನ್ನಿಸಿತು.

ಆದರೆ ಕೇಳಿ ಅಪ್ಪ! ಬಳಸುವವರಿಗೆಲ್ಲ ಮೇಲ್ ಹಾಕಿದೆ. ಸಂಜೆಯೊಳಗೆ ಹದಿನೇಳು ಜನ, "ಪೂರ್ತಿ ಪ್ರತಿ ನಮ್ಮ ಕಂಪ್ಯೂಟರಿನಲ್ಲೂ ಇದೆ, ಹೆದರಬೇಡಿ" ಎಂದು ಬರೆದರು! ಇನ್ನು ಯಾರು ಬೀಗ ಹಾಕಿದರೂ ನಿಮ್ಮ ಒಂದು ಸಾಲೂ ಕಳೆಯುವುದಿಲ್ಲ.

ಒಂದು ಸಂಗತಿ, ಬೇಜಾರು ಮಾಡಿಕೊಳ್ಳಬೇಡಿ. ನೀವು ಎಲ್ಲ ಊರಿಗೂ ಮದ್ರಾಸಿನ ಸೂರ್ಯೋದಯವನ್ನೇ ಹಿಡಿದಿದ್ದೀರಿ. ಮಾರಿಷಸ್ಸಿನಲ್ಲಿ ಸೂರ್ಯ ತಡವಾಗಿ ಹುಟ್ಟುವಷ್ಟರಲ್ಲಿ ತಿಥಿ ಬದಲಾಗಿರಬಹುದಲ್ಲ, ಹಾಗಾಗಿ ಅಲ್ಲಿನ ಗಣಿತದ ಟೀಚರೊಬ್ಬರು ಹೋದ ತಿಂಗಳು ಏಕಾದಶಿಯಂದು ಚೆನ್ನಾಗಿ ಊಟ ಮಾಡಿ, ದ್ವಾದಶಿಯಂದು ಉಪವಾಸ ಇದ್ದರಂತೆ! ಆಕೆಯೇ ಕೂತು ಅದನ್ನು ತಿದ್ದಿ ಕಳಿಸಿದ್ದಾರೆ. ಅವರ ತಿದ್ದುಪಡಿಯನ್ನು ಇದರ ಜೊತೆ ಇಟ್ಟಿದ್ದೇನೆ, ನೋಡಿ. ಈ ವರ್ಷ ಅಧಿಕ ಮಾಸ ಬೇರೆ ಇದೆ. ಆ ಲೆಕ್ಕದ ನೋಟ್‌ಬುಕ್ಕನ್ನೂ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ.

ತಿದ್ದಿದ್ದನ್ನು ನಾನಿನ್ನೂ ಸೇರಿಸಿಲ್ಲ. ಅದರ ಕೆಳಗೆ ಆ ಟೀಚರ್ ಒಂದು ಸಾಲು ಬರೆದಿದ್ದಾರೆ: "ನಿಮ್ಮ ತಂದೆಯವರು ನೋಡಿ ಸರಿ ಅನ್ನಲಿ, ಅಲ್ಲಿಯವರೆಗೆ ಕಾಯುತ್ತೇವೆ."

ಮುಂದಿನ ಏಕಾದಶಿಯೊಳಗೆ ಕಾರ್ಡು ಹಾಕಿ, ಅಪ್ಪ. ಅಲ್ಲೊಬ್ಬರು ಊಟಕ್ಕೆ ಕೂರಬೇಕೋ ಬೇಡವೋ ಎಂದು ನಿಮ್ಮನ್ನು ಕೇಳುತ್ತಿದ್ದಾರೆ.

ನಿಮ್ಮ ಮಗಳು,
ಹರಿಪ್ರಿಯಾ