ಕಟ್ಟಿದ್ದನ್ನು ನೋಡದವರು ಕೊಟ್ಟ ಅಂಕ

ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರೇ,

ನಿಮ್ಮ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ನನ್ನ ಮಗಳ ಬುದ್ಧಿಶಕ್ತಿಯನ್ನು ಅಳೆದು, ಅವಳು ಮಾಮೂಲಿ ಶಾಲೆಯಲ್ಲಿ ಓದಲಾರಳು ಎಂದು ತೀರ್ಮಾನಿಸಿದ್ದಾರೆ. ನೀವು ಸಹಿ ಹಾಕಿದ್ದೀರಿ. ನಾನು ಒಪ್ಪುವುದಿಲ್ಲ. ಮಗಳೆಂಬ ಮೋಹದಿಂದ ಹೇಳುತ್ತಿಲ್ಲ. ಬಾಗಿಲ ಗಾಜಿನಿಂದ ಎಲ್ಲವನ್ನೂ ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಚಿತ್ರದಲ್ಲಿದ್ದಂತೆ ಬಣ್ಣದ ಘನಗಳನ್ನು ಜೋಡಿಸಬೇಕಿತ್ತು. ಮಗಳು ಜೋಡಿಸಿದಳು. ಆಗ ನಿಮ್ಮ ವಿದ್ಯಾರ್ಥಿ ಏನು ಮಾಡುತ್ತಿದ್ದರು? ಮುಂದೇನು ಕೇಳಬೇಕೆಂದು ಕೈಪಿಡಿಯಲ್ಲಿ ತಲೆ ಹುದುಗಿಸಿ ಹುಡುಕುತ್ತಿದ್ದರು. ಆಟ ಮುಗಿದ ಮೇಲೆ ಸಾಮಾನು ಎತ್ತಿಡಬೇಕೆಂದು ಕಲಿತ ಹುಡುಗಿ ಅವಳು. ಕಟ್ಟಿದ್ದನ್ನು ಬಿಚ್ಚಿ ಅಚ್ಚುಕಟ್ಟಾಗಿ ಪೆಟ್ಟಿಗೆಗೆ ತುಂಬಿದಳು. ಅವರು ತಲೆಯೆತ್ತಿದಾಗ ಮೇಜು ಖಾಲಿ; ಹಾಕಿದರು ಸೊನ್ನೆ. ಮತ್ತೆ ಅದೇ, ಮತ್ತೆ ಸೊನ್ನೆ. ಸಾಲಾಗಿ ತಪ್ಪಿದರೆ ಆ ಭಾಗವನ್ನು ಅಲ್ಲಿಗೇ ನಿಲ್ಲಿಸಬೇಕೆಂಬ ನಿಯಮವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದರು. ಉಳಿದ ಭಾಗಗಳದ್ದೂ ಇದೇ ಪಾಡು: ಅವಳು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ಇವರು ಪುಟ ತಿರುವಿ ಆಗಿರುತ್ತಿತ್ತು.

ಹೊರಗೆ ಬಂದವರನ್ನು ಹಿಡಿದು ಕೇಳಿದೆ. "ಮಕ್ಕಳಿಗೆ ಮಾಡ್ತಿರೋದು ಇದೇ ಮೊದಲು ಆಂಟಿ," ಎಂದರು ಪಾಪ, ಹಣೆ ಒರೆಸಿಕೊಳ್ಳುತ್ತ. "ಕ್ಲಾಸಲ್ಲಿ ನಾವ್‌ ನಾವೇ ಒಬ್ರಿಗೊಬ್ರು ಮಾಡ್ಕೊಂಡಿದ್ವಿ. ಮೇಡಂ ಬಂದು ನೋಡ್ತೀನಿ ಅಂದಿದ್ರು, ಬರ್ಲಿಲ್ಲ."

ಆ ಮೇಡಂ ನೀವೇ ತಾನೇ? ನನಗೆ ಆ ಹುಡುಗನ ಮೇಲೆ ಸಿಟ್ಟಿಲ್ಲ, ಇರುವುದು ನಿಮ್ಮ ಮೇಲೆ. ನಾನು ಡ್ರೈವಿಂಗ್ ಕಲಿಸುವವಳು. ಕಲಿಯುವವರ ಪಕ್ಕದಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ದಿನವಿಡೀ ಕೂರುತ್ತೇನೆ. ಪುಸ್ತಕ ಓದಿದ್ದಾರಲ್ಲ, ಹೋಗಿ ಬರಲಿ ಎಂದು ಕೀಲಿ ಕೊಟ್ಟು ನಾನು ಚಹಾ ಕುಡಿಯಲು ಹೋದರೆ ಜೈಲಿಗೆ ಹಾಕುತ್ತಾರೆ. ನಿಮ್ಮಲ್ಲಿ ಅದನ್ನು ಪ್ರಾಯೋಗಿಕ ತರಬೇತಿ ಎನ್ನುತ್ತಾರೆಯೇ?

ಮರುಪರೀಕ್ಷೆ ಕೇಳಿದರೆ, "ಈಗ್ಲೇ ಮಾಡಿದ್ರೆ ಮಗೂಗೆ ಪ್ರಶ್ನೆ ನೆನಪಿರುತ್ತೆ, ಒಂದು ವರ್ಷ ಬಿಟ್ಟು ಬನ್ನಿ" ಎಂದರು ನಿಮ್ಮ ಕಚೇರಿಯವರು. ಏನೂ ತಿಳಿಯದವಳೆಂದು ನೀವೇ ಬರೆದ ಮಗುವಿಗೆ ಅಷ್ಟೆಲ್ಲ ನೆನಪಿರುತ್ತದೆಯೇ! ಅಷ್ಟರಲ್ಲಿ ಶಾಲೆಯವರು ಅವಳನ್ನು ಹೊರಗೆ ಕಳಿಸಿ ಆಗಿರುತ್ತದೆ. ಮೊನ್ನೆ ಊಟಕ್ಕೆ ಕೂತಾಗ, "ಅಮ್ಮಾ, ನಾನು ದಡ್ಡೀನಾ?" ಎಂದಳು.

ಆದ್ದರಿಂದ ಬೇಡುತ್ತಿಲ್ಲ, ಹೇಳುತ್ತಿದ್ದೇನೆ. ವರದಿಯನ್ನು ಹಿಂಪಡೆದಿದ್ದೇವೆಂದು ಶಾಲೆಗೆ ಇಂದೇ ತಿಳಿಸಿ. ಬೇರೊಂದು ಪರೀಕ್ಷೆಯನ್ನು ನುರಿತವರ ಕೈಯಲ್ಲಿ ಮಾಡಿಸಿ. ನಿಮ್ಮ ವಿದ್ಯಾರ್ಥಿಗಳ ಪಕ್ಕದಲ್ಲಿ ಕೂತು ನೋಡಿ, ತಿದ್ದಿ, ಕೈ ಪಳಗಿದ ಮೇಲೆ ಮಕ್ಕಳ ಮುಂದೆ ಬಿಡಿ. ಅಲ್ಲಿಯವರೆಗೆ ನನ್ನ ಮಗಳು ತನ್ನ ತರಗತಿಯಲ್ಲೇ ಕೂರುತ್ತಾಳೆ. ಎಬ್ಬಿಸಲು ಯಾರು ಬರುತ್ತೀರೋ ಬನ್ನಿ, ಎದುರಿಗೆ ನಾನಿರುತ್ತೇನೆ.

ಇಂತಿ,
ನಿಮ್ಮ ವರದಿಯ ಕೊನೆಯ ಸಾಲಿನ ಪ್ರಕಾರ,
"ವಾಸ್ತವ ಒಪ್ಪದ ತಾಯಿ"