ಹಮ್ಸ್‌ನ ಹೊಸ ವಿಳಾಸ

ನವೆಂಬರ್ 3, ಸೋಮವಾರ. ಬೆಳಿಗ್ಗೆ 9.10

ಹೆರಿಗೆ ವಾರ್ಡಿಗೆ ಹನ್ನೊಂದು ಕಾಲ್, ಎಕ್ಸ್‌ರೇಗೆ ನಾಲ್ಕು. ಆಲಿವ್ ಮರದಿಂದ ಬಿದ್ದವನ ಅಣ್ಣ ಫೋನ್ ಮಾಡಿದ್ದ. ಯಾವ ವಾರ್ಡ್ ಗೊತ್ತಿಲ್ಲ. "ನೀಲಿ ಸ್ವೆಟರ್ ಹಾಕಿದಾನೆ, ಒಂಚೂರು ನೋಡಿ ಹೇಳಮ್ಮ" ಅಂದ. ಸ್ಫಾಕ್ಸ್ ಊರಿನ ಈ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಹುಟ್ಟುಕುರುಡಿ ಅಂತ ಅವನಿಗೇನು ಗೊತ್ತು. ಲೈನಲ್ಲಿರಿ ಅಂದೆ.

ನಡುವೆ ಮೇಲ್ ಓದಿಸಿಕೊಂಡೆ. ನಮ್ಮ ಕೋಡ್ ಇಟ್ಟಿರುವ ಜಾಲತಾಣವನ್ನು ಮುಚ್ಚುತ್ತಾರಂತೆ. ಡಿಸೆಂಬರ್ 31 ಕಡೆಯ ದಿನ. ಬೇರೆಡೆಗೆ ಸಾಗಿಸಿಕೊಳ್ಳಿ, ಇಷ್ಟು ವರ್ಷ ಜೊತೆಗಿದ್ದಿದ್ದಕ್ಕೆ ಧನ್ಯವಾದ.

ಹನ್ನೊಂದು ವರ್ಷದ ಹಮ್ಸ್. ಪರದೆ ಮೇಲಿನ ಅರಬ್ಬಿಯನ್ನು ನಮ್ಮಂಥವರಿಗೆ ಓದಿ ಹೇಳುವ ಸಾಫ್ಟ್‌ವೇರ್. ಕೋಡ್ ಬರೆದವನು ಕಣ್ಣಿರುವ ಶೆದ್ಲಿ ಕಮ್ಮೂನ್, ಉಚ್ಚಾರಣೆ ತಿದ್ದಿದವಳು ನಾನು. ಯಾರು ಬೇಕಾದರೂ ಬಿಟ್ಟಿ ಹಾಕಿಕೊಳ್ಳಬಹುದು, ಬಿಚ್ಚಿ ನೋಡಬಹುದು. ಮಾರಿಟೇನಿಯಾದಿಂದ ಯೆಮನ್‌ವರೆಗೆ ಹಾಕಿಕೊಂಡರು. ಎಷ್ಟು ಜನ? ಪಟ್ಟಿಯಿಲ್ಲ. ಬೇಡ ಅಂದವನು ಶೆದ್ಲಿಯೇ. "ಯಾರು ಏನು ಓದ್ತಾರೆ ಅಂತ ನಮಗ್ಯಾಕೆ ನಝೀಹಾ, ನಾವೇನು ಪೊಲೀಸಾ?"

ಅವನಿಗೆ ಪಾರ್ಶ್ವವಾಯು ಹೊಡೆದು ಇವತ್ತಿಗೆ ಹನ್ನೆರಡು ವಾರ.

ನವೆಂಬರ್ 5. ಊಟದ ಹೊತ್ತು

ಹೊಸ ತಾಣದಲ್ಲಿ ಖಾತೆ ತೆರೆಯಲು ಕೂತೆ. 'ಬಸ್ ಇರುವ ಚೌಕಗಳನ್ನು ಒತ್ತಿ, ನೀವು ಮನುಷ್ಯರೆಂದು ತೋರಿಸಿ.' ಕಿವಿಯ ಪರೀಕ್ಷೆಯೂ ಇದೆ — ಗರಗರ ಸದ್ದಿನಲ್ಲಿ ಮುಳುಗಿದ ಇಂಗ್ಲಿಷ್. ಆರು ಸಲ ಕೇಳಿದೆ. ಮನುಷ್ಯಳಲ್ಲ ಅಂತ ಆರು ಸಲ ತೀರ್ಪಾಯಿತು.

ರಿಸೆಪ್ಷನ್ನಿನ ಮಬ್ರೂಕಾಳನ್ನು ಕರೆದೆ. ಬಾಯ್ತುಂಬ ಟ್ಯೂನಾ ಮೀನು, ಹರೀಸಾ ಖಾರ. "ಈ ಊರಲ್ಲಿ ಕಣ್ಣಿರೋರಿಗೇ ಬಸ್ ಕಾಣಲ್ಲ ಕಣೇ, ಹೋಗಿ ಹೋಗಿ ನಿನ್ನ ಕೇಳ್ತಾನಲ್ಲ!" ಒತ್ತಿದಳು. ಮನುಷ್ಯಳಾದೆ.

ಇಬ್ಬರೂ ನಕ್ಕೆವು. ಅವಳು ಹೋದಮೇಲೆ ಹೊಳೆಯಿತು. ಕುರುಡರ ಸಾಮಾನನ್ನು ಕುರುಡರು ಬಾಗಿಲು ತೆಗೆಯಲಾಗದ ಮನೆಗೆ ಸಾಗಿಸುತ್ತಿದ್ದೇನೆ. ಇನ್ನೆರಡು ತಾಣ ನೋಡಿದೆ. ಒಂದರಲ್ಲಿ ಬಸ್ಸು, ಇನ್ನೊಂದರಲ್ಲಿ ಸೇತುವೆ.

ನವೆಂಬರ್ 6

ಕೋಡ್ ಇಪ್ಪತ್ತು ನಿಮಿಷದಲ್ಲಿ ಹೋಯಿತು. ಎಷ್ಟು ಸುಲಭ!

ಕಷ್ಟ ಇರುವುದು ಇಲ್ಲಿ: ಜನರ ಕಂಪ್ಯೂಟರಿನಲ್ಲಿ ಕೂತಿರುವ ಹಮ್ಸ್ ಇನ್ನೂ ಹಳೆ ವಿಳಾಸಕ್ಕೇ ಹೋಗಿ ಅಪ್‌ಡೇಟ್ ಕೇಳುತ್ತದೆ. ಮುಚ್ಚುವ ಮೊದಲು ಅಲ್ಲಿಂದ ಕೊನೆಯದೊಂದು ಅಪ್‌ಡೇಟ್ ಹೊರಡಬೇಕು, ಹೊಸ ವಿಳಾಸ ಹೊತ್ತುಕೊಂಡು. ಅದನ್ನು ಕಳಿಸುವ ಹಕ್ಕು ಶೆದ್ಲಿಯ ಖಾತೆಗೆ ಮಾತ್ರ. ಕಳ್ಳರು ಕೈ ಹಾಕಬಾರದು ಅಂತ ಅವನೇ ಮಾಡಿದ ಕಟ್ಟುಪಾಡು. ಪಾಸ್‌ವರ್ಡ್ ಅವನ ತಲೆಯಲ್ಲಿ. ಎಲ್ಲೂ ಬರೆದಿಡುವವನಲ್ಲ.

ಜನವರಿ ಮಧ್ಯಕ್ಕೆ ಕಂಪ್ಯೂಟರುಗಳ ಮೂಲ ವ್ಯವಸ್ಥೆಯೇ ಬದಲಾಗುತ್ತಿದೆ. ಈಗಿನ ಹಮ್ಸ್ ಅದರಲ್ಲಿ ಬಾಯಿ ಬಿಡುವುದಿಲ್ಲ. ಪೋರ್ಟ್ ಸುಡಾನಿನ ಇದ್ರೀಸ್ ಬಖೀತ್, ನಮ್ಮ ಜೊತೆ ಕೆಲಸ ಮಾಡುವವನು, ರಿಪೇರಿ ಮಾಡಿ ಕಳಿಸಿದ್ದಾನೆ. ರಿಪೇರಿ ನನ್ನ ಕೈಯಲ್ಲಿದೆ. ತಲುಪಿಸುವುದು ಹೇಗೆ...

ನವೆಂಬರ್ 9, ಭಾನುವಾರ

ಶೆದ್ಲಿ ಮನೆಗೆ ಹೋಗಿದ್ದೆ. ಅವನ ಹೆಂಡತಿ ರಶೀದಾ ಕೈ ಹಿಡಿದು ಪಕ್ಕದಲ್ಲಿ ಕೂರಿಸಿದಳು.

"ಶೆದ್ಲಿ, ನಾನು."

"ಆಯ್ತು."

"ನೋವಿದೆಯಾ?"

"ಆಯ್ತು."

ಅವನಲ್ಲಿ ಉಳಿದಿರುವುದು ಆ ಒಂದೇ ಮಾತು. ಹೌದಿಗೂ ಅದೇ, ಇಲ್ಲಕ್ಕೂ ಅದೇ. ಯಾವುದು ಯಾವುದಂತ ಮುಖ ನೋಡಿ ತಿಳಿಯಬೇಕಂತೆ. ಮುಖ! ಸುಮ್ಮನೆ ಅವನ ಎಡಗೈ ಹಿಡಿದುಕೊಂಡೆ. ತಾಣ ಮುಚ್ಚುತ್ತಿದ್ದಾರೆ, ನಿನ್ನ ಪಾಸ್‌ವರ್ಡ್ ಬೇಕು ಅಂದೆ. ತಾರೀಖು ಹೇಳಲು ಬಾಯಿ ಬರಲಿಲ್ಲ.

ರಶೀದಾ ಕಡೆ ತಿರುಗಿದೆ.

"ಏನ್ ಮಾಡ್ತಿದ್ದಾನೆ ರಶೀದಾ?"

"ಅಳ್ತಿದ್ದಾರೆ. ಸಮಾಧಾನ ಆಯ್ತಾ ನಿಂಗೆ?"

ಬಾಗಿಲವರೆಗೂ ಬಂದಳು. ದನಿ ತಗ್ಗಿಸಿ — "ಹನ್ನೊಂದು ವರ್ಷ. ಒಂದು ರಜಾ ದಿನ ನನ್ ಜೊತೆ ಕೂತವರಲ್ಲ. ಬಿದ್ದಿದ್ದೂ ಆ ಕಂಪ್ಯೂಟರ್ ಮುಂದೇನೇ. ಇನ್ನೂ ಏನು ಕಿತ್ಕೋಬೇಕು ನಿಮಗೆಲ್ಲ?"

ಚಪ್ಪಲಿ ಮೆಟ್ಟಿ ಹೊರಟುಬಂದೆ.

ನವೆಂಬರ್ 28

ತಾಣದವರಿಗೆ ನಾಲ್ಕು ಪತ್ರ. ನಾಲ್ಕಕ್ಕೂ ಒಂದೇ ಉತ್ತರ: ಖಾತೆದಾರರೇ ಲಾಗಿನ್ ಆಗಿ ಕೋರಿಕೆ ಸಲ್ಲಿಸಲಿ. ಡಾಕ್ಟರ ಸರ್ಟಿಫಿಕೇಟ್ ಕಳಿಸಿದೆ. ಖಾತೆದಾರರೇ ಲಾಗಿನ್ ಆಗಿ... ಆ ಕಡೆ ಮನುಷ್ಯರಿದ್ದಾರೋ ಇಲ್ಲವೋ.

ಕುರುಡರ ಸಂಘಗಳಿಗೆ ಫೋನ್ ಮಾಡುತ್ತಿದ್ದೇನೆ. ಅಲ್ಜಿಯರ್ಸ್‌ನ ಒಬ್ಬ ಕಾರ್ಯದರ್ಶಿ: "ಹಮ್ಸಾ? ಇಲ್ಲಿ ಎಲ್ರೂ ಅದನ್ನೇ ಹಾಕ್ಕೊಂಡಿರೋದು ತಂಗಿ. ಯಾರ್ಯಾರು ಅಂದ್ರೆ ಹೆಂಗ್ ಹೇಳ್ಲಿ?"

"ಸಿಕ್ಕಿದೋರಿಗೆಲ್ಲ ಹೇಳಿ ಅಣ್ಣಾ. ಹೊಸ ವಿಳಾಸ ಕೊಡ್ತೀನಿ, ಬರ್ಕೊಳ್ಳಿ."

"ಹೇಳ್ತೀನಿ, ಹೇಳ್ತೀನಿ."

ಹೇಳುವವನ ದನಿಯಲ್ಲ ಅದು. ದಿನವೆಲ್ಲ ದನಿ ಕೇಳುವ ಕೆಲಸ ನನ್ನದು.

ಡಿಸೆಂಬರ್ 6

ರಶೀದಾ ಫೋನ್. "ನಾಳೆ ಬಾ. ಲ್ಯಾಪ್‌ಟಾಪ್ ಬೀರುವಲ್ಲಿಟ್ಟು ಬೀಗ ಹಾಕಿದ್ದೆ. ಅದನ್ನೇ ತೋರಿಸಿ ತೋರಿಸಿ ಊಟ ಬಿಟ್ಟಿದ್ದಾರೆ. ಬಂದು ಅದೇನಿದ್ಯೋ ಮುಗಿಸ್ಕೊಂಡು ಹೋಗು."

ನಾಳೆ!

ಡಿಸೆಂಬರ್ 7

ಬರೆಯಲಾರೆ.

ಡಿಸೆಂಬರ್ 11

ಬರೆಯಲೇಬೇಕು. ಬೇರೆ ಯಾರಿಗೆ ಹೇಳಲಿ.

ಲ್ಯಾಪ್‌ಟಾಪ್ ಅವನ ತೊಡೆ ಮೇಲೆ. ಎಡಗೈಯ ಒಂದು ಬೆರಳು. ಒಂದೊಂದು ಅಕ್ಷರ ಒತ್ತಿದಾಗಲೂ ಹಮ್ಸ್ ಹೇಳುತ್ತದೆ: ಚುಕ್ಕಿ. ಚುಕ್ಕಿ. ಪಾಸ್‌ವರ್ಡಲ್ಲವೇ, ಅಕ್ಷರ ಹೇಳಬಾರದು ಅಂತ ನಾವೇ ಕಲಿಸಿದ್ದು. ಎಣಿಸುತ್ತಾ ಕೂತೆ. ಮೊದಲ ಸಲ ಹದಿನಾಲ್ಕು — ತಪ್ಪು. ಆಮೇಲೆ ಹದಿಮೂರು. ಮತ್ತೆ ಹದಿನಾಲ್ಕು. ನಾಲ್ಕನೆಯದರಲ್ಲಿ ಒಂಬತ್ತಕ್ಕೇ ಬೆರಳು ಜಾರಿ ಎಂಟರ್ ಒತ್ತಿಬಿಟ್ಟ.

ಹಮ್ಸ್ ಸೂಚನೆ ಓದತೊಡಗಿತು. 'ಇನ್ನು ಒಂದು ಪ್ರಯತ್ನ ಮಾತ್ರ ಉಳಿದಿದೆ...' ನಾನು ಕೀಲಿ ಒತ್ತಿ ಬಾಯಿ ಮುಚ್ಚಿಸಿದೆ. ಅಭ್ಯಾಸ. ಯಾವುದನ್ನೂ ಪೂರ್ತಿ ಕೇಳುವವಳಲ್ಲ.

"ಸಾಕು ನಝೀಹಾ," ಅಂದಳು ರಶೀದಾ. "ಬೆವರ್ತಿದ್ದಾರೆ. ನಾಳೆ ನೋಡಿದ್ರಾಯ್ತು."

"ಒಂದೇ ಸಲ. ಶೆದ್ಲಿ, ನಿನ್ ಕೈಲಾಗತ್ತೆ. ನಿಧಾನಕ್ಕೆ ಒತ್ತು."

"ಆಯ್ತು."

ಹದಿನಾಲ್ಕು ಚುಕ್ಕಿ. ಖಾತೆಗೆ ಮೂವತ್ತು ದಿನ ಬೀಗ.

ಮನೆಗೆ ಬಂದು ಆ ಸೂಚನೆಯನ್ನು ಹುಡುಕಿ ಪೂರ್ತಿ ಕೇಳಿದೆ. 'ಇನ್ನು ಒಂದು ಪ್ರಯತ್ನ ಮಾತ್ರ ಉಳಿದಿದೆ. ಇಪ್ಪತ್ತನಾಲ್ಕು ಗಂಟೆ ಕಾದರೆ ಐದು ಪ್ರಯತ್ನ ಮತ್ತೆ ಸಿಗುತ್ತವೆ.'

ರಶೀದಾ ಹೇಳಿದ್ದೂ ಅದೇ. ನಾಳೆ.

ಇನ್ನೊಂದು ಪಾಪ. ಹೊರಡುವಾಗ ಅವಳು ಕೇಳಿದಳು, "ಮೂವತ್ತು ದಿನ ಬಿಟ್ಟು ಬೀಗ ತೆಗೀತಾರಲ್ವಾ?" ತೆಗೀತಾರೆ ಅಂದೆ. ಅಷ್ಟರೊಳಗೆ ತಾಣವೇ ಇರುವುದಿಲ್ಲ ಅನ್ನಲಿಲ್ಲ. ಶೆದ್ಲಿ ನನ್ನ ಕೈಯನ್ನು ಒಂದು ಸಲ ಒತ್ತಿದ. ಧೈರ್ಯ ಹೇಳಿದ್ದು ಅವನು, ನನಗೆ.

ಡಿಸೆಂಬರ್ 23

ಆಲಿವ್ ಗಾಣಗಳ ಕಾಲ. ಊರೆಲ್ಲ ಎಣ್ಣೆಯ ವಾಸನೆ. ತಲೆನೋವು.

ಇದ್ರೀಸ್ ಹಳೆ ತಾಣದಲ್ಲಿನ ದೂರುಗಳನ್ನೆಲ್ಲ ನಕಲು ಮಾಡಿಕೊಟ್ಟ. 1,912. ಯಾರ ಹೆಸರೂ ಬಂದಿಲ್ಲ, ಬರೀ ಮಾತು. 'ನನ್ನ ಅಮ್ಮನ ಹೆಸರನ್ನು ಹಮ್ಸ್ ತಪ್ಪು ಓದುತ್ತದೆ, ದಯವಿಟ್ಟು ಸರಿಮಾಡಿ.' ಕೆಳಗೆ ಉತ್ತರ: 'ಮಾಡಿದ್ದೇನೆ. ಅಮ್ಮನಿಗೆ ಸಲಾಂ ಹೇಳಿ.' ಯಾರು ಬರೆದ ಉತ್ತರ ಅಂತ ಹೆಸರು ಬೇಕೇ ನನಗೆ.

ಫೋನ್ ಮಾಡಿದ ಸಂಘಗಳು ಈವರೆಗೆ ಅರವತ್ತೊಂದು. ಹೊಸ ವಿಳಾಸದಿಂದ ಹಾಕಿಕೊಂಡವರು ನೂರನಾಲ್ಕು ಜನ.

ರಶೀದಾಗೆ ನಿಜ ಹೇಳಬೇಕು. ನಾಳೆ ಹೇಳುತ್ತೇನೆ.

ಜನವರಿ 1. ಬೆಳಿಗ್ಗೆ 8

ಹಳೆ ವಿಳಾಸ ಒತ್ತಿದೆ. ಪುಟ ಸಿಗಲಿಲ್ಲ.

ಒತ್ತಿದೆ. ಪುಟ ಸಿಗಲಿಲ್ಲ.

ಹೇಳಿಲ್ಲ ಇನ್ನೂ.

ಜನವರಿ 7, ಬುಧವಾರ. 10.30

ಹೊರಗಿನ ಲೈನ್ ಎತ್ತಿದೆ. ಆಸ್ಪತ್ರೆ, ಹೇಳಿ ಅಂದೆ.

"ನಾನೇ ಕಣೆ, ರಶೀದಾ! ಮೊಬೈಲ್ ಯಾಕ್ ಎತ್ತಲ್ಲ ನೀನು?" ನಗುತ್ತಿದ್ದಳು. ಆಗಸ್ಟಿನಿಂದ ಈ ಹೆಂಗಸು ನಕ್ಕಿದ್ದು ಕೇಳಿಲ್ಲ. "ಬೀಗ ನಿನ್ನೆಗೆ ಬಿಟ್ಟಿರ್ಬೇಕಲ್ವಾ? ದಿನಾ ಅಭ್ಯಾಸ ಮಾಡಿದ್ದಾರೆ ಕಣೆ. ಒಂದು ತಿಂಗಳು. ಹಾಳೆ ಮೇಲೆ, ಎಡಗೈಲಿ, ಮಕ್ಕಳ ಥರ. ನಾನೇ ಪೆನ್ಸಿಲ್ ಕೆತ್ತಿ ಕೆತ್ತಿ ಕೊಟ್ಟೆ. ಈಗ ಮೂರು ದಿನದಿಂದ ಪ್ರತಿ ಸಲಾನೂ ಅದೇ ಬರ್ತಿದೆ, ಅದೇ ಹದಿನಾಲ್ಕು ಅಕ್ಷರ. ಮುಖ ನೋಡ್ಬೇಕು ನೀನು! ಮುಖದಲ್ಲೇ ಇದೇ ಇದೇ ಅಂತಿದ್ದಾರೆ."

ಪಕ್ಕದಲ್ಲಿ ಅವನು ಆಯ್ತು, ಆಯ್ತು ಅಂದ. ಅವಳು ಅವನಿಗೆ, "ಹೇಳ್ತೀನಿ ಇರ್ರೀ, ಅವಸರ ಮಾಡ್ಬೇಡಿ."

ಇನ್ನೆರಡು ಲೈನ್ ಬಡಿದುಕೊಳ್ಳುತ್ತಿದ್ದವು. ಎತ್ತಲಿಲ್ಲ.

"ನಝೀಹಾ? ಇದ್ದೀಯಾ? ಓದ್ಲಾ?"

ಓದು ಅಂದೆ.

"ಬರ್ಕೊಳ್ತಿದ್ದೀಯಾ ತಾನೇ?"

ಹ್ಞೂಂ ಅಂದೆ. ಬರೆದುಕೊಳ್ಳುತ್ತಿದ್ದೇನೆ. ಕೆ. ಏಳು. ಆರ್. ಆರ್. ಎರಡು —